ಸಸಿಯನ್ನು ರೈತನ ಹತ್ತಿರಕ್ಕೆ ತಂದ ಮರಿಗೌಡರು

ದಬ್ಬೇಘಟ್ಟದ ಕಡೆ ಹೊಸದಾಗಿ ತೆಂಗು ಇಡಲು ಹೊರಟಿರುವ ರೈತ ಬಾಂಧವರೇ, ಗುಂಡಿ ತೋಡುವ ಮೊದಲು ಒಂದು ಮಾತು. ರಾಗಿ ಬೀಜ ಕೆಟ್ಟರೆ ಒಂದು ವರ್ಷದ ನಷ್ಟ. ತೆಂಗಿನ ಸಸಿ ಕಳಪೆಯಾದರೆ ಅದು ನಿಮಗೆ ಗೊತ್ತಾಗುವುದೇ ಏಳೆಂಟು ವರ್ಷ ನೀರೆರೆದ ಮೇಲೆ. ಈ ಸಂಕಟಕ್ಕೆ ದಾರಿ ಹುಡುಕಿದವರು ಡಾ. ಎಂ. ಎಚ್. ಮರಿಗೌಡರು.

1916ರಲ್ಲಿ ತಿ. ನರಸೀಪುರ ತಾಲ್ಲೂಕಿನ ಬನ್ನೂರು ಹೋಬಳಿಯ ಹಳ್ಳಿಯೊಂದರಲ್ಲಿ ಹುಟ್ಟಿದರು. ಸಸ್ಯಶಾಸ್ತ್ರ ಓದಿ ಲಾಲ್‌ಬಾಗ್ ಸೇರಿದರು. ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ತರಬೇತಿ, ಅಮೆರಿಕದ ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಪಡೆದು ಮರಳಿದರು. ಅಷ್ಟು ಓದಿದವರು ಗಾಜಿನ ಮನೆಯ ಹೂವು ನೋಡಿಕೊಂಡೇ ಕಾಲ ಕಳೆಯಬಹುದಿತ್ತು.

ಅವರು ಹಾಗೆ ಮಾಡಲಿಲ್ಲ. ತೋಟಗಾರಿಕೆ ನಿರ್ದೇಶಕರಾಗಿ, 1974ರಲ್ಲಿ ನಿವೃತ್ತರಾಗುವವರೆಗೆ, ರಾಜ್ಯದ ಉದ್ದಗಲಕ್ಕೂ ಮುನ್ನೂರಕ್ಕೂ ಹೆಚ್ಚು ತೋಟಗಾರಿಕೆ ಕ್ಷೇತ್ರ, ಸಸಿತೋಟಗಳನ್ನು ಎಬ್ಬಿಸಿದರು. ಒಳ್ಳೆಯ ಮಾವಿನ ಕಸಿಗೋ ಸಪೋಟಕ್ಕೋ ರೈತ ಬೆಂಗಳೂರಿಗೆ ಅಲೆಯಬಾರದು, ತನ್ನ ತಾಲ್ಲೂಕಿನಲ್ಲೇ ತಾಯಿಮರ ಕಂಡು ಸಸಿ ಒಯ್ಯಬೇಕು ಎಂಬುದು ಅವರ ಹಟ. ಸಸಿಯ ಜೊತೆಗೆ ಮಣ್ಣು ಪರೀಕ್ಷೆ, ರೋಗ ಕೀಟಗಳ ಹತೋಟಿ, ಮಾರಾಟಕ್ಕೆ ಸಹಕಾರ ಸಂಘ ಇವೂ ಬೇಕೆಂದರು. 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರಿಗಾಗಿ ಆರಂಭವಾದ ಸಂಘವೇ ಮುಂದೆ ಹಾಪ್‌ಕಾಮ್ಸ್ ಆಯಿತು. 1992ರಲ್ಲಿ ಮರಿಗೌಡರು ತೀರಿಕೊಂಡರು.

ಮಾವಿಗೆ ಕಸಿ ಉಂಟು. ತೆಂಗಿಗೆ ಆ ಅನುಕೂಲವಿಲ್ಲ. ನಮ್ಮ ತಿಪಟೂರು ಎತ್ತರದ ತಳಿಯಲ್ಲಿ ಪರಾಗ ಬೇರೆ ಮರದಿಂದಲೂ ಬಂದು ಸೇರುವುದರಿಂದ ತಾಯಿಯ ಗುಣವೆಲ್ಲ ಮಗುವಿಗೆ ಇಳಿಯುತ್ತದೆಂದು ಹೇಳುವಂತಿಲ್ಲ. ಆದ್ದರಿಂದ ಆರಿಸುವ ಕೆಲಸ ಎರಡು ಸಲ ಆಗಬೇಕು. ಮೊದಲು ವರ್ಷಕ್ಕೆ 80 ಕಾಯಿಗೆ ಕಡಿಮೆಯಿಲ್ಲದೆ, ವರ್ಷ ತಪ್ಪದೆ ಬಿಡುವ ಮರದಿಂದ ಚೆನ್ನಾಗಿ ಬಲಿತ ಕಾಯಿ. ಆಮೇಲೆ ಸಸಿಮಡಿಯಲ್ಲಿ: ಐದು ತಿಂಗಳಾದರೂ ಮೊಳೆಯದ ಕಾಯನ್ನು ಕಿತ್ತು ಹಾಕಬೇಕು. ಹೊಟ್ಟೆ ಉರಿಯುತ್ತದೆ, ನಿಜ. ವರ್ಷದ ಸಸಿಗೆ ಆರು ಎಲೆ, ಬುಡದ ಸುತ್ತಳತೆ 10 ಸೆಂಟಿಮೀಟರ್ ಇರಬೇಕು. ಊರಿನ ನಾಲ್ಕಾರು ಮನೆಯವರು ಸೇರಿ ಬಾವಿಯ ಹತ್ತಿರ ನೆರಳಿನಲ್ಲಿ ಒಂದು ಮಡಿ ಮಾಡಿಕೊಂಡರೆ ಇದನ್ನೆಲ್ಲ ನೀವೇ ಕಣ್ಣಾರೆ ನೋಡಿ ಆರಿಸಬಹುದು. ಸಂತೆಯಲ್ಲಿ ಅಗ್ಗಕ್ಕೆ ಕೊಂಡ ಸಸಿಯ ತಾಯಿಮರವನ್ನು ಮಾತ್ರ ಯಾರೂ ತೋರಿಸಲಾರರು.