ಜೂಲಿಯಾ ಮಾರ್ಗರೆಟ್ ಕ್ಯಾಮರನ್ ಅಮ್ಮನವರು

ನೆಗೆಟಿವ್, ಪಾಸಿಟಿವ್, ಫೋಕಸ್, ಎಕ್ಸ್‌ಪೋಷರ್ ಎಂಬೀ ಶಬ್ದಗಳನ್ನು ಛಾಯಾಚಿತ್ರ ತೆಗೆಯುವವರ ಬಾಯಲ್ಲಿ ನಾವು ಬಹುಕಾಲದಿಂದ ಕೇಳುತ್ತ ಬಂದಿದ್ದೇವೆ. ಕೇವಲ ಯಂತ್ರಕ್ಕೆ ಸಂಬಂಧಿಸಿದುವೆಂದು ತೋರುವ ಈ ಮಾತುಗಳು ಒಬ್ಬ ಗೃಹಿಣಿಯ ಜೀವಿತದಲ್ಲಿ ದೊಡ್ಡ ಪರೀಕ್ಷೆಯ ವಿಷಯಗಳಾದುವು. ಅವರೇ ಜೂಲಿಯಾ ಮಾರ್ಗರೆಟ್ ಕ್ಯಾಮರನ್ ಅಮ್ಮನವರು. ಹುಟ್ಟಿದ್ದು ನಮ್ಮ ದೇಶದಲ್ಲಿ, ಹೆಸರಾದದ್ದು ಇಂಗ್ಲೆಂಡಿನಲ್ಲಿ, ಮಣ್ಣಾದದ್ದು ಸಿಂಹಳದಲ್ಲಿ. ಅವರ ಚರಿತ್ರೆಯನ್ನು ಸಂಕ್ಷೇಪವಾಗಿ ನಮ್ಮ ಸೋದರಿಯರ ಮುಂದಿಡುತ್ತೇವೆ.

ಅಮ್ಮನವರು 1815ನೆಯ ಜೂನ್ 11ರಂದು ಕಲಕತ್ತೆಯಲ್ಲಿ ಜನಿಸಿದರು. ತಂದೆ ಜೇಮ್ಸ್ ಪ್ಯಾಟಲರು ಈಸ್ಟ್ ಇಂಡಿಯಾ ಕಂಪೆನಿಯ ಅಧಿಕಾರಿಗಳು. ತಾಯಿ ಫ್ರೆಂಚ್ ಮನೆತನದವರು. ಬಾಲ್ಯದ ಶಿಕ್ಷಣವು ಬಹುಮಟ್ಟಿಗೆ ಫ್ರಾನ್ಸಿನಲ್ಲಿ ನಡೆಯಿತು. 1836ರಲ್ಲಿ ಆರೋಗ್ಯಕ್ಕಾಗಿ ದಕ್ಷಿಣ ಆಫ್ರಿಕದ ಕೇಪ್ ಪ್ರಾಂತದಲ್ಲಿ ತಂಗಿದ್ದಾಗ ಇಬ್ಬರು ಗಣ್ಯರ ಪರಿಚಯವಾಯಿತು. ಒಬ್ಬರು ನ್ಯಾಯಶಾಸ್ತ್ರಜ್ಞರಾದ ಚಾರ್ಲ್ಸ್ ಹೇ ಕ್ಯಾಮರನ್‌. ಇವರನ್ನೇ ಜೂಲಿಯಾ 1838ರಲ್ಲಿ ಕಲಕತ್ತೆಯಲ್ಲಿ ವಿವಾಹವಾದರು. ಇನ್ನೊಬ್ಬರು ಖಗೋಳ ಪಂಡಿತರಾದ ಸರ್ ಜಾನ್ ಹರ್ಷಲ್‌. ಛಾಯಾಚಿತ್ರಕಲೆಯಲ್ಲಿ ಇಂದಿಗೂ ನಡೆದುಬಂದಿರುವ ನೆಗೆಟಿವ್, ಪಾಸಿಟಿವ್ ಎಂಬ ಪದಗಳನ್ನು ಆ ಅರ್ಥದಲ್ಲಿ ಬಳಕೆಗೆ ತಂದವರು ಇವರೇ. 1842ರಲ್ಲಿ ಹರ್ಷಲರು ಆ ಹೊಸ ವಿದ್ಯೆಯ ಕೆಲವು ಮಾದರಿಗಳನ್ನು ಕಲಕತ್ತೆಗೆ ಕಳುಹಿಸಿಕೊಟ್ಟರು. ಆ ಬೀಜವು ಮೊಳೆಯಲು ಇನ್ನೂ ಇಪ್ಪತ್ತೊಂದು ವರ್ಷಗಳು ಬೇಕಾದುವು.

1848ರಲ್ಲಿ ಯಜಮಾನರು ನಿವೃತ್ತರಾಗಲು ಕುಟುಂಬವು ಇಂಗ್ಲೆಂಡಿಗೆ ಹೋಯಿತು. 1860ರಲ್ಲಿ ವೈಟ್ ದ್ವೀಪದ ಫ್ರೆಷ್‌ವಾಟರಿನಲ್ಲಿ, ಕವಿ ಟೆನಿಸನ್ನರ ನೆರೆಯಲ್ಲಿ, ಅವರು ಮನೆ ಮಾಡಿದರು. ಮಕ್ಕಳನ್ನು ಸಾಕುವುದರಲ್ಲಿಯೂ ಅತಿಥಿಗಳನ್ನು ಸತ್ಕರಿಸುವುದರಲ್ಲಿಯೂ ವರ್ಷಗಳು ಕಳೆದುವು. 1863ರ ಡಿಸೆಂಬರಿನಲ್ಲಿ, ಯಜಮಾನರು ಸಿಂಹಳದ ಕಾಫಿತೋಟಗಳಿಗೆ ಹೋಗಿದ್ದಾಗ, ತಾಯಿಗೆ ಹೊತ್ತು ಹೋಗಲೆಂದು ಮಗಳೂ ಅಳಿಯಂದಿರೂ ಒಂದು ಕ್ಯಾಮೆರಾವನ್ನು ಉಡುಗೊರೆಯಾಗಿ ತಂದುಕೊಟ್ಟರು. ಆಗ ಅಮ್ಮನವರ ವಯಸ್ಸು 48.

ಆ ಕಾಲದ ಕ್ಯಾಮೆರಾ ಇಂದಿನಂತೆ ಬೆರಳು ಸೋಂಕಿದೊಡನೆ ಚಿತ್ರ ಕೊಡುವ ವಸ್ತುವಲ್ಲ. ಗಾಜಿನ ಹಲಗೆಯ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಸಮನಾಗಿ ಹರಡಿ, ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಿ, ಹಸಿಯಿರುವಾಗಲೇ ಪೆಟ್ಟಿಗೆಯೊಳಗಿಟ್ಟು ಲೆನ್ಸನ್ನು ತೆರೆಯಬೇಕು. ಬೆಳಕಿಗೆ ಒಡ್ಡುವ ಈ ಅವಧಿಗೇ ಎಕ್ಸ್‌ಪೋಷರ್ ಎಂದು ಹೆಸರು. ಅಮ್ಮನವರ ಕೆಲಸದಲ್ಲಿ ಅದು ಎಷ್ಟೋ ಸಲ ಕೆಲವು ನಿಮಿಷಗಳಷ್ಟು ದೀರ್ಘವಾಗುತ್ತಿತ್ತು; ಅಷ್ಟು ಹೊತ್ತೂ ಎದುರಿಗೆ ಕುಳಿತವರು ಅಲುಗಾಡಬಾರದು. ಬಳಿಕ ಗಾಜು ಒಣಗುವ ಮೊದಲೇ ಕತ್ತಲೆಕೋಣೆಗೆ ಒಯ್ದು ಔಷಧಿ ಹೊಯ್ದು ತೊಳೆದರೆ, ಬೆಳಕು ಕಪ್ಪಾಗಿಯೂ ನೆರಳು ತಿಳಿಯಾಗಿಯೂ ಮೂಡಿದ ಪ್ರತಿಮೆ ದೊರೆಯುವುದು; ಇದೇ ನೆಗೆಟಿವ್. ಮೊಟ್ಟೆಯ ಬಿಳಿಭಾಗವನ್ನು ಲೇಪಿಸಿದ ಕಾಗದವನ್ನು ಇದರ ಕೆಳಗಿಟ್ಟು ಬಿಸಿಲಿಗೆ ಒಡ್ಡಿದರೆ ನಿಜವಾದ ಚಿತ್ರ, ಅಂದರೆ ಪಾಸಿಟಿವ್, ಮೂಡುವುದು.

ಈ ಶ್ರಮವನ್ನೆಲ್ಲ ಅಮ್ಮನವರು ಗುರುವಿಲ್ಲದೆಯೇ ಮೈಮೇಲೆ ಹಾಕಿಕೊಂಡರು. ಕಲ್ಲಿದ್ದಲಿನ ಕೋಣೆಯು ಕತ್ತಲೆಕೋಣೆಯಾಯಿತು. ಗಾಜಿನ ಕೋಳಿಗೂಡು ಚಿತ್ರಶಾಲೆಯಾಯಿತು. ಮೊದಲನೆಯ ಚಿತ್ರವನ್ನು ಅವರ ಕೈಯೇ ತಗಲಿ ಅಳಿಸಿಹಾಕಿತು. ಬೆಳ್ಳಿಯ ಲವಣದಿಂದ ಬೆರಳುಗಳೂ ಉಡುಪೂ ಕಪ್ಪಿಟ್ಟುವು. ಆದರೂ ಒಂದೇ ತಿಂಗಳಲ್ಲಿ, 1864ನೆಯ ಜನವರಿಯಲ್ಲಿ, ಆ್ಯನಿ ಫಿಲ್ಪಾಟ್ ಎಂಬ ಬಾಲಿಕೆಯ ಮುಖವು ಗಾಜಿನ ಮೇಲೆ ಮೂಡಿ ನಿಂತಿತು. ಅದನ್ನೇ ಅವರು ತಮ್ಮ ಮೊದಲ ಜಯವೆಂದು ಭಾವಿಸಿದರು.

ಇಲ್ಲಿಂದ ಮುಂದೆ ನಿಂದೆಯ ಕಾಲ. ಲೆನ್ಸನ್ನು ಹಿಂದುಮುಂದು ಸರಿಸಿ ಪ್ರತಿಬಿಂಬವನ್ನು ಸ್ಫುಟಗೊಳಿಸುವುದಕ್ಕೆ ಫೋಕಸ್ ಮಾಡುವುದೆಂದು ಹೆಸರಷ್ಟೆ. ಕೂದಲೆಳೆಯೂ ಬಟ್ಟೆಯ ನೂಲೂ ಎಣಿಸುವಂತಿರಬೇಕೆಂಬುದು ಆಗಿನ ವೃತ್ತಿನಿರತರ ಮತ. ಅಮ್ಮನವರಾದರೋ ಪ್ರತಿಬಿಂಬವು ತಮ್ಮ ಕಣ್ಣಿಗೆ ಸುಂದರವಾಗಿ ತೋರಿದಲ್ಲಿಯೇ ಲೆನ್ಸನ್ನು ನಿಲ್ಲಿಸಿಬಿಡುತ್ತಿದ್ದರು. ಛಾಯಾಚಿತ್ರದ ಪತ್ರಿಕೆಗಳು ಇದನ್ನು ಅಜ್ಞಾನವೆಂದು ಹಳಿದುವು. ಅವರ ಗಾಜುಗಳಲ್ಲಿ ಬಿರುಕು, ಕಲೆ, ಬೆರಳಗುರುತುಗಳು ಇದ್ದುದೂ ನಿಜ. ಆದರೆ ಕೈತಪ್ಪಿ ಬಂದ ದೋಷ ಬೇರೆ, ಕಂಡು ಆರಿಸಿಕೊಂಡ ಮಾರ್ಗ ಬೇರೆ. ಹೊರಗಿನ ರೂಪದೊಡನೆ ಒಳಗಿನ ಮನುಷ್ಯನೂ ಕಾಣಬೇಕೆಂಬುದು ಅವರ ಹಂಬಲ. ಅದನ್ನು ಅವರು ಯಾರ ಅಂಜಿಕೆಗೂ ಬಿಟ್ಟುಕೊಡಲಿಲ್ಲ. 1865ರಲ್ಲಿ ಲಂಡನಿನ ಸೌತ್ ಕೆನ್ಸಿಂಗ್‌ಟನ್ ವಸ್ತುಸಂಗ್ರಹಾಲಯವು ಅವರ ಚಿತ್ರಗಳನ್ನು ಕೊಂಡು ಪ್ರದರ್ಶಿಸಿತು. ಹರ್ಷಲ್, ಕಾರ್ಲೈಲ್, ಡಾರ್ವಿನ್, ಟೆನಿಸನ್ ಮೊದಲಾದ ಮಹನೀಯರು ಅವರ ಕ್ಯಾಮೆರಾದ ಮುಂದೆ ಕುಳಿತರು.

ಮಹನೀಯರಷ್ಟೇ ಅಲ್ಲ. ಮನೆಗೆಲಸದ ಮೇರಿ ಹಿಲಿಯರಳನ್ನು ಅವರು ಎಷ್ಟೋ ಸಾರಿ ಯೇಸುವಿನ ತಾಯಿಯಾದ ಮರಿಯಳಂತೆ ಚಿತ್ರಿಸಿದರು. ಭಿಕ್ಷೆ ಬೇಡುತ್ತಿದ್ದ ಐರಿಷ್ ಹೆಂಗಸಿನ ಮಗಳಾದ ಮೇರಿ ರಯಾನಳನ್ನು ಮನೆಯಲ್ಲಿರಿಸಿಕೊಂಡು ವಿದ್ಯೆ ಕೊಡಿಸಿದರು. 1867ರಲ್ಲಿ ಆಕೆಯನ್ನು ವರಿಸಿದ ಹೆನ್ರಿ ಕಾಟನ್ನರೇ 1904ರಲ್ಲಿ ಮುಂಬಯಿಯ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷರಾದವರು. ದೊರೆಯ ಮುಖಕ್ಕೂ ದಾಸಿಯ ಮುಖಕ್ಕೂ ಒಂದೇ ಬೆಳಕು, ಒಂದೇ ಆದರ. ಇದನ್ನು ನಾವು ವಿಶೇಷವಾಗಿ ಗಮನಿಸತಕ್ಕದ್ದು.

ಕೀರ್ತಿ ಬಂದರೂ ಹಣ ಕೂಡಲಿಲ್ಲ. 1875ರಲ್ಲಿ ದಂಪತಿಗಳು ಸಿಂಹಳಕ್ಕೆ ತೆರಳಿದರು. ಅಲ್ಲಿ ತೆಗೆದ ಚಿತ್ರಗಳಲ್ಲಿ ಉಳಿದುಬಂದಿರುವುವು ಕೆಲವೇ. 1879ನೆಯ ಜನವರಿ 26ರಂದು ಅಮ್ಮನವರು ದೈವಾಧೀನರಾದರು. ಬೊಗವಂತಲಾವದ ಸಂತ ಮೇರಿಯ ದೇವಾಲಯದ ಅಂಗಳದಲ್ಲಿ ಅವರ ಸಮಾಧಿಯಿದೆ. ಅವರನ್ನು ಹಳಿದ ಲೇಖನಗಳನ್ನು ಇಂದು ಅವರ ಚರಿತ್ರೆಯ ನಿಮಿತ್ತವಾಗಿಯೇ ಓದುತ್ತಾರೆ.

ಶಾಲೆ ಬಿಟ್ಟು ಸಂಸಾರದಲ್ಲಿ ಮುಳುಗಿದ ನಮ್ಮಲ್ಲಿ ಅನೇಕರು, ಕಲಿಯುವ ಕಾಲ ಮೀರಿತೆಂದು ನಿಟ್ಟುಸಿರಿಡುವುದುಂಟು. ಹೆಣ್ಣುಮಕ್ಕಳಿಗೆ ಇಷ್ಟೇ ಸಾಕೆನ್ನುವ ತಂದೆತಾಯಿಗಳೂ ಇಲ್ಲದಿಲ್ಲ. ತಲಾಂತುಗಳ ಸಾಮ್ಯದಲ್ಲಿ ಯಜಮಾನನು ಆಳುಗಳ ವಯಸ್ಸನ್ನು ಕೇಳಲಿಲ್ಲ. ಕೊಟ್ಟದ್ದನ್ನು ಏನು ಮಾಡಿದಿರೆಂಬ ಲೆಕ್ಕವನ್ನು ಮಾತ್ರ ಕೇಳಿದನು. ನಾಲ್ವತ್ತೆಂಟರಲ್ಲಿ ಕೈಗೆ ಬಂದುದನ್ನು ಕ್ಯಾಮರನ್ ಅಮ್ಮನವರು ಹೂಳಿಡಲಿಲ್ಲವೆಂಬುದನ್ನು ನಾವು ನೆನೆಯೋಣ.