ಮುದುವೊಳಲ ಬಳೆಗಾರನ ಮಗ

ಪಂಪ, ಪೊನ್ನ, ರನ್ನರನ್ನು ರತ್ನತ್ರಯರೆಂದು ಕೊಂಡಾಡದ ಕನ್ನಡಿಗನಿಲ್ಲ. ಅವರಲ್ಲಿ ರನ್ನನು ನಮ್ಮ ಸೀಮೆಯವನೆಂಬ ಅಭಿಮಾನವೂ ನಮಗುಂಟು. ಆದರೆ ಈ ಮಹಾಕವಿಯ ವಿದ್ಯಾಭ್ಯಾಸಕ್ಕೆ ಆಸರೆಯಾದವರು ಯಾರೆಂದು ನಾವು ಅಷ್ಟಾಗಿ ಆಲೋಚಿಸಿದವರಲ್ಲ. ಪ್ರತಿವರ್ಷ ಜೂನ್ ತಿಂಗಳು ಬಂತೆಂದರೆ ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿದು, ಕಾಲೇಜಿನ ಶುಲ್ಕಕ್ಕೆ ದಾರಿ ಕಾಣದೆ ಅಧ್ಯಾಪಕರ ಮನೆಬಾಗಿಲಲ್ಲಿ ನಿಲ್ಲುವ ಬಾಲಕರನ್ನು ಕಂಡಾಗಲೆಲ್ಲ ನನಗೆ ರನ್ನನ ನೆನಪಾಗುತ್ತದೆ.

ರನ್ನನು ಜನಿಸಿದ್ದು ಕ್ರಿ.ಶ. 949ರ ಸೌಮ್ಯ ಸಂವತ್ಸರದಲ್ಲಿ. ಬೆಳುಗಲಿ ಐನೂರರೊಳಗಿನ ಜಂಬುಖಂಡಿ ಎಪ್ಪತ್ತಕ್ಕೆ ಸೇರಿದ ಮುದುವೊಳಲು ಆತನ ಊರು. ಜಂಬುಖಂಡಿಯೇ ನಮ್ಮ ಜಮಖಂಡಿ, ಮುದುವೊಳಲೇ ಮುಧೋಳ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ದೃಢಬಾಹು, ರೇಚಣ, ಮಾರಮಯ್ಯರೆಂಬವರು ಸಹೋದರರು. ಮನೆತನದ ವೃತ್ತಿ ಬಳೆಯ ವ್ಯಾಪಾರ. ಚಕ್ರವರ್ತಿಯ ಆಸ್ಥಾನವನ್ನೇರಿದ ಮೇಲೂ ಕವಿಯು ಈ ಸಂಗತಿಯನ್ನು ಮರೆಮಾಚದೆ ತನ್ನ ಕಾವ್ಯದಲ್ಲಿಯೇ ಹೇಳಿಕೊಂಡಿರುವುದು ಆತನ ದೊಡ್ಡತನ.

ಆ ಕಾಲದಲ್ಲಿ ಉಚ್ಚ ವಿದ್ಯೆಗೆ ಧನಸಹಾಯವೇ ಇರಲಿಲ್ಲವೆಂದು ಭಾವಿಸಬಾರದು. ರನ್ನನು ಹುಟ್ಟುವುದಕ್ಕೆ ನಾಲ್ಕು ವರ್ಷ ಮೊದಲು, 945ರಲ್ಲಿ, ಇಂದಿನ ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮಂತ್ರಿಯಾದ ನಾರಾಯಣನು ವಿದ್ಯಾಶಾಲೆಯೊಂದನ್ನು ಕಟ್ಟಿಸಿದ್ದನು. ನಾನಾ ದೇಶಗಳಿಂದ ಬರುವ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳು, ನಿರ್ವಹಣೆಗೆ 500 ನಿವರ್ತನ ಭೂಮಿ. ಇದಲ್ಲದೆ ಊರವರು ಮದುವೆಯೊಂದಕ್ಕೆ 5, ಉಪನಯನಕ್ಕೆ 2½, ಚೌಲಕ್ಕೆ 1½ ನಾಣ್ಯಗಳನ್ನು ಶಾಲೆಗೆ ಸಲ್ಲಿಸಬೇಕೆಂದು ಶಾಸನ ವಿಧಿಸಿದೆ. ದಾನಿಯು ಗತಿಸಿದರೂ ಊರ ಶುಭಕಾರ್ಯಗಳು ನಿಲ್ಲುವುದಿಲ್ಲವಷ್ಟೆ. ಆದಾಯದ ಮೂಲವನ್ನು ಅಲ್ಲಿಟ್ಟವನ ದೂರದೃಷ್ಟಿಯನ್ನು ಮೆಚ್ಚಲೇಬೇಕು. ಇಂದು ನಾವು ರಸೀದಿ ಪುಸ್ತಕವನ್ನು ಹಿಡಿದು ವರ್ಷವರ್ಷವೂ ಅಲೆಯುತ್ತೇವೆ! ಆದರೆ ಆ ಶಾಲೆ ವೈದಿಕ ವಿದ್ಯೆಗಾಗಿ ಏರ್ಪಟ್ಟುದು. ಜೈನ ಬಳೆಗಾರನ ಮಗನಿಗೆ ಅಲ್ಲಿ ಎಡೆಯಿರಲಿಲ್ಲ.

ಹೀಗಾಗಿ ಆತನು ವಿದ್ಯೆಯನ್ನು ಅರಸಿ ದೂರದ ಗಂಗನಾಡಿಗೆ ಹೋಗಬೇಕಾಯಿತು. ಗಂಗ ಅರಸ ಮಾರಸಿಂಹನಿಗೂ ಮಂತ್ರಿ ಚಾವುಂಡರಾಯನಿಗೂ ಗುರುವಾಗಿದ್ದ ಅಜಿತಸೇನಾಚಾರ್ಯರೇ ರನ್ನನಿಗೂ ಗುರುವಾದರು. ಅರಸುಮಗನನ್ನು ಅನುಗ್ರಹಿಸಿದ ಗುರುವು ಬಳೆಗಾರನ ಮಗನನ್ನೂ ಶಿಷ್ಯನನ್ನಾಗಿ ಸ್ವೀಕರಿಸಿದುದು ಸಾಮಾನ್ಯ ಮಾತಲ್ಲ. ಗುರುಕೃಪೆಯ ಬೆನ್ನಿಗೆ ಚಾವುಂಡರಾಯನ ಆಶ್ರಯವೂ ದೊರೆಯಿತು. ಶ್ರವಣಬೆಳಗೊಳದ ಗೊಮ್ಮಟ ಮೂರ್ತಿಯನ್ನು ಸ್ಥಾಪಿಸಿದ ಆ ಕೈ ಒಬ್ಬ ಬಡ ವಿದ್ಯಾರ್ಥಿಯನ್ನೂ ಎತ್ತಿ ನಿಲ್ಲಿಸಿತು. ಅಲ್ಲಿಯ ಚಿಕ್ಕಬೆಟ್ಟದ ಬಂಡೆಯೊಂದರ ಮೇಲೆ ಕವಿರತ್ನನೆಂಬ ಹೆಸರು ಕೊರೆಯಲ್ಪಟ್ಟಿದೆ. ಅದು ರನ್ನನದೇ ಎಂಬುದು ವಿದ್ವಾಂಸರ ನಂಬುಗೆ.

973ರಲ್ಲಿ ರಾಷ್ಟ್ರಕೂಟರ ಪ್ರಭುತ್ವ ಕುಸಿದು ಚಾಲುಕ್ಯ ತೈಲಪನು ತಲೆಯೆತ್ತಿದನು. ಪಂಡಿತನಾದ ರನ್ನನಿಗೆ ಈಗ ತನ್ನ ನಾಡಿನಲ್ಲಿಯೇ ಮನ್ನಣೆ ಲಭಿಸಿತು. ಮೊದಲು ಸಾಮಂತರು, ಬಳಿಕ ಮಂಡಲೇಶ್ವರರು, ಕೊನೆಗೆ ಚಕ್ರವರ್ತಿ ಎಂದು ತನ್ನ ಏಳಿಗೆಯ ಮೆಟ್ಟಿಲುಗಳನ್ನು ಆತನೇ ಎಣಿಸಿದ್ದಾನೆ. ಇದು ಆತ್ಮಪ್ರಶಂಸೆಯೆಂದು ಕೆಲವರು ಮೂಗು ಮುರಿಯುತ್ತಾರೆ. ನನಗಂತೂ ಇದು ಸಾಲಗಾರನು ಬರೆದಿಟ್ಟ ಪ್ರಾಮಾಣಿಕ ಲೆಕ್ಕದಂತೆ ತೋರುತ್ತದೆ. ತೈಲಪನಿಂದ ಕವಿಚಕ್ರವರ್ತಿ ಎಂಬ ಬಿರುದು ಬಂದಿತು.

ಆತನನ್ನು ಪೋಷಿಸಿದವರಲ್ಲಿ ಅತ್ತಿಮಬ್ಬೆಯ ಹೆಸರು ಪ್ರಾತಃಸ್ಮರಣೀಯವಾದುದು. ದಂಡನಾಯಕ ನಾಗದೇವನ ಪತ್ನಿಯಾಗಿ, ಅಕಾಲದಲ್ಲಿ ವೈಧವ್ಯವನ್ನು ಹೊಂದಿದ ಆ ಸಾಧ್ವಿ ತನ್ನ ಸಂಪತ್ತನ್ನು ಧರ್ಮಕ್ಕೂ ವಿದ್ಯೆಗೂ ಸುರಿದಳು. ಅಚ್ಚಿನ ಮನೆಯಿಲ್ಲದ ಆ ಕಾಲದಲ್ಲಿ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಓಲೆಯ ಮೇಲೆ ಬರೆಯಿಸಿ ಹಂಚಿದಳು. ಲಕ್ಕುಂಡಿಯ ಬ್ರಹ್ಮಜಿನಾಲಯ ಆಕೆಯ ಕಟ್ಟಡ. ಆಕೆಯ ಪ್ರೇರಣೆಯಿಂದಲೇ 993ರಲ್ಲಿ ರನ್ನನ ಅಜಿತಪುರಾಣ ಪೂರ್ಣಗೊಂಡಿತು. ತೈಲಪನ ಮಗ ಸತ್ಯಾಶ್ರಯನನ್ನು ಭೀಮನೊಂದಿಗೆ ಸಮೀಕರಿಸಿ ರಚಿಸಿದ ಸಾಹಸಭೀಮವಿಜಯವಂತೂ ಗದಾಯುದ್ಧವೆಂಬ ಹೆಸರಿನಿಂದ ಮನೆಮಾತಾಗಿದೆ.

ಪರಶುರಾಮಚರಿತವೆಂಬ ಆತನ ಇನ್ನೊಂದು ಕಾವ್ಯ ನಮಗೆ ದೊರೆತಿಲ್ಲ. ಸಮರಪರಶುರಾಮನೆಂಬ ಬಿರುದಿದ್ದ ಚಾವುಂಡರಾಯನನ್ನು ಕುರಿತೇ ಅದು ರಚಿತವಾಗಿರಬೇಕೆಂದು ಪಂಡಿತರು ಊಹಿಸುತ್ತಾರೆ. ಕಾವ್ಯ ನಷ್ಟವಾದರೂ ಋಣಸ್ಮರಣೆ ನಷ್ಟವಾಗಿಲ್ಲ. ಜಕ್ಕಿ, ಶಾಂತಿ ಎಂಬ ಇಬ್ಬರು ಮಡದಿಯರೊಡನೆ ಸಂಸಾರ ಹೂಡಿದ ರನ್ನನಿಗೆ ಒಬ್ಬ ಮಗ, ಒಬ್ಬಳು ಮಗಳು. ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಆತನು ಹೆಸರಿಟ್ಟನು.