ಅಲೆಸಾಂಡ್ರೊ ವೋಲ್ಟಾ: ಒದ್ದೆ ರಟ್ಟಿನ ನಡುವೆ ಹರಿದ ವಿದ್ಯುತ್ತು

ಕೆಲವು ಮಹನೀಯರ ಹೆಸರು ದಿನವೂ ಕೋಟ್ಯಂತರ ಜನರ ಬಾಯಲ್ಲಿ ಬರುತ್ತಿದ್ದರೂ ಅದು ಮನುಷ್ಯನೊಬ್ಬನ ಹೆಸರೆಂಬ ಅರಿವು ಹೆಚ್ಚಿನವರಿಗೆ ಇರುವುದಿಲ್ಲ. ಮನೆಯ ದೀಪಕ್ಕೆ 230 ವೋಲ್ಟು, ಮೋಟಾರು ಗಾಡಿಯ ಬ್ಯಾಟರಿಗೆ 12 ವೋಲ್ಟು ಎಂದು ನಾವೆಲ್ಲ ಹೇಳುತ್ತೇವೆ. ಆ ವೋಲ್ಟಿನ ಹಿಂದೆ ಇರುವವರು ಇಟಲಿಯ ಅಲೆಸಾಂಡ್ರೊ ವೋಲ್ಟಾ ಎಂಬ ಮಹಾಶಯರು. ಅವರ ಚರಿತ್ರೆಯನ್ನು ವಾಚಕರ ಮುಂದಿಡಲು ನಮಗೆ ವಿಶೇಷ ಕಾರಣವೊಂದುಂಟು. ನಮ್ಮ ಜೇಬಿನ ಫೋನಿಗೆ ಬ್ಯಾಟರಿ ಮಾಡುವ ಇಂದಿನ ಇಂಜಿನಿಯರರು ಯಾವ ತೊಡಕಿನೊಡನೆ ಸೆಣಸುತ್ತಿರುವರೋ, ಅದು ವೋಲ್ಟಾರವರು ಕಟ್ಟಿದ ಮೊತ್ತಮೊದಲ ಬ್ಯಾಟರಿಯ ಜೊತೆಗೇ ಹುಟ್ಟಿದ ತೊಡಕಾಗಿದೆ.

ವೋಲ್ಟಾರವರು 1745ನೆಯ ಇಸವಿ ಫೆಬ್ರವರಿ 18ರಂದು ಉತ್ತರ ಇಟಲಿಯ ಕೋಮೋ ಎಂಬ ಸರೋವರತೀರದ ಪಟ್ಟಣದಲ್ಲಿ ಜನಿಸಿದರು. ಆ ಪ್ರಾಂತ ಆಗ ಆಸ್ಟ್ರಿಯದ ಅರಸರ ಅಧೀನದಲ್ಲಿತ್ತು. ಮನೆತನ ಹಿರಿದು, ಹಣ ಕಿರಿದು. ಬಾಲಕನಿಗೆ ನಾಲ್ಕು ವರ್ಷವಾಗುವವರೆಗೂ ಸರಿಯಾಗಿ ಮಾತು ಬರಲಿಲ್ಲ. ಮಗು ಮಂದಮತಿಯೇನೋ ಎಂದು ಮನೆಯವರು ಕಳವಳಪಟ್ಟರು. ಏಳರ ಸುಮಾರಿಗೆ ತಂದೆ ತೀರಿಕೊಂಡರು. ಆದರೆ ಅಷ್ಟರಲ್ಲಿ ಬಾಲಕ ತನ್ನ ಓರಗೆಯವರನ್ನು ಸರಿಗಟ್ಟಿದ್ದನು. ಹಿರಿಯರ ಅಪೇಕ್ಷೆ ಅವನು ವಕೀಲನಾಗಬೇಕೆಂದು, ಗುರುಗಳಾದ ಪಾದ್ರಿಗಳ ಅಪೇಕ್ಷೆ ಅವನು ಪಾದ್ರಿಯಾಗಬೇಕೆಂದು; ಅವನ ಮನಸ್ಸಾದರೋ ವಿದ್ಯುತ್ತಿನಲ್ಲಿ ನೆಟ್ಟಿತ್ತು. ಹದಿನೆಂಟರ ಪ್ರಾಯದಲ್ಲಿಯೇ ಪ್ಯಾರಿಸಿನ ಪ್ರಸಿದ್ಧ ವಿಜ್ಞಾನಿ ನೊಲೆಯವರೊಡನೆ ಪತ್ರವ್ಯವಹಾರ ಆರಂಭಿಸಿದನು. ವಿದ್ಯಾರ್ಥಿಯಾಗಿ ಯಾವ ವಿಶ್ವವಿದ್ಯಾನಿಲಯದ ಮೆಟ್ಟಿಲನ್ನೂ ಅವನು ಹತ್ತಲಿಲ್ಲ. ಎಸ್.ಎಸ್.ಎಲ್.ಸಿ.ಗೆ ಓದು ನಿಲ್ಲಿಸಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ನಮ್ಮಂಥವರಿಗೆ ಇದು ಧೈರ್ಯ ಕೊಡುವ ಸಂಗತಿಯೇ ಸರಿ.

1774ರಲ್ಲಿ ಅವರಿಗೆ ಕೋಮೋದ ಶಾಲೆಯಲ್ಲಿ ಉದ್ಯೋಗ ದೊರೆಯಿತು. 1776ರಲ್ಲಿ ಮಜ್ಜೊರೆ ಸರೋವರದಂಚಿನ ಕೆಸರಿನಿಂದ ಗುಳ್ಳೆಗುಳ್ಳೆಯಾಗಿ ಏಳುವ ಅನಿಲವನ್ನು ಹಿಡಿದು, ಅದು ಹೊತ್ತಿ ಉರಿಯುವುದೆಂದು ತೋರಿಸಿದರು. ಇಂದು ನಾವು ಮೀಥೇನ್ ಎಂದು ಕರೆಯುವುದು ಅದನ್ನೇ. ಮರುವರ್ಷ, ಮರದ ಕಂಬಗಳ ಮೇಲೆ ತಂತಿ ಎಳೆದು ಕೋಮೋದಿಂದ ಮಿಲಾನಿಗೆ ವಿದ್ಯುತ್ತಿನ ಸಂಜ್ಞೆ ಕಳುಹಬಹುದೆಂಬ ಸಲಹೆಯನ್ನೂ ಮಾಡಿದರು. ತರುವಾಯ ಪಾವಿಯಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕಪದವಿ ಅವರನ್ನು ಅರಸಿಕೊಂಡು ಬಂದಿತು.

1791ರಲ್ಲಿ ಬೊಲೊನ್ಯದ ವೈದ್ಯ ಗಾಲ್ವಾನಿಯವರು ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ಸತ್ತ ಕಪ್ಪೆಯ ಕಾಲಿಗೆ ಎರಡು ಬಗೆಯ ಲೋಹಗಳನ್ನು ಮುಟ್ಟಿಸಿದರೆ ಅದು ಜಗ್ಗನೆ ಅದುರುತ್ತಿತ್ತು. ಪ್ರಾಣಿಯ ದೇಹದಲ್ಲಿಯೇ ವಿದ್ಯುತ್ತು ಅಡಗಿದೆ ಎಂಬುದು ಗಾಲ್ವಾನಿಯವರ ತೀರ್ಮಾನ. ವೋಲ್ಟಾರವರು ಮೊದಲು ಒಪ್ಪಿದರು, ಆಮೇಲೆ ಸಂದೇಹಪಟ್ಟರು. ತಮ್ಮ ನಾಲಗೆಯ ಮೇಲೆಯೇ ತವರದ ಹಾಳೆಯನ್ನೂ ಬೆಳ್ಳಿಯ ನಾಣ್ಯವನ್ನೂ ಇಟ್ಟು ಎರಡನ್ನೂ ಒಂದಕ್ಕೊಂದು ತಾಕಿಸಿದಾಗ ಬಾಯಿ ಹುಳಿಯಾಯಿತು. ಕಪ್ಪೆಯಿಲ್ಲದೆಯೂ ವಿದ್ಯುತ್ತು ಹುಟ್ಟಿತಲ್ಲವೇ! ಆದುದರಿಂದ ಮೂಲವಿರುವುದು ಕಪ್ಪೆಯಲ್ಲಿ ಅಲ್ಲ, ಎರಡು ಲೋಹಗಳ ಸ್ಪರ್ಶದಲ್ಲಿ ಎಂದು ಅವರು ವಾದಿಸಿದರು. ವಿದ್ವಾಂಸರು ಎರಡು ಪಕ್ಷವಾದರು. ಗಾಲ್ವಾನಿಯವರು ಹೊಸ ಸರಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡಲು ಒಪ್ಪದೆ ಉದ್ಯೋಗ ಕಳೆದುಕೊಂಡು, ಈ ವಾದದ ಕೊನೆಯನ್ನು ಕಾಣದೆಯೇ 1798ರ ಡಿಸೆಂಬರಿನಲ್ಲಿ ಕಣ್ಮುಚ್ಚಿದರು.

ಮರುವರ್ಷ ಆಸ್ಟ್ರಿಯದ ಸೈನ್ಯ ಮರಳಿ ಬಂದು ಪಾವಿಯಾ ವಿಶ್ವವಿದ್ಯಾನಿಲಯದ ಬಾಗಿಲು ಮುಚ್ಚಿತು. ಐವತ್ತನಾಲ್ಕರ ವೋಲ್ಟಾರವರು ಕೋಮೋಗೆ ಹಿಂದಿರುಗಿದರು. ಆ ಕಷ್ಟಕಾಲದಲ್ಲಿಯೇ ಅವರ ಕೈಯಿಂದ ಜಗತ್ತನ್ನು ಮಾರ್ಪಡಿಸಿದ ಸಾಧನ ಹೊರಬಂದಿತು. ಅದನ್ನು ಕಟ್ಟುವ ಕ್ರಮ ಅತಿ ಸರಳವಾದುದು. ಒಂದು ಬೆಳ್ಳಿಯ ಅಥವಾ ತಾಮ್ರದ ಬಿಲ್ಲೆ, ಅದರ ಮೇಲೆ ಸತುವಿನ ಬಿಲ್ಲೆ, ಅದರ ಮೇಲೆ ಉಪ್ಪುನೀರಿನಲ್ಲಿ ನೆನೆಸಿದ ರಟ್ಟಿನ ಅಥವಾ ಚರ್ಮದ ತುಂಡು; ಮತ್ತೆ ಬೆಳ್ಳಿ, ಸತು, ಒದ್ದೆ ರಟ್ಟು. ಒಂದು ಜೋಡಿಯಿಂದ ದೊರೆಯುವುದು ಸುಮಾರು ಒಂದು ವೋಲ್ಟಿನಷ್ಟು ಮಾತ್ರ. ಇಪ್ಪತ್ತು, ನಲ್ವತ್ತು, ಅರುವತ್ತು ಜೋಡಿಗಳನ್ನು ಪೇರಿಸಿದರೆ ತುದಿಗಳನ್ನು ಮುಟ್ಟಿದ ಕೈ ಜುಮ್ಮೆನ್ನುತ್ತಿತ್ತು. ಹಿಂದಿನ ಯಂತ್ರಗಳಂತೆ ಒಂದೇ ಕಿಡಿ ಹಾರಿಸಿ ಬರಿದಾಗದೆ, ಇದು ಎಡೆಬಿಡದೆ ವಿದ್ಯುತ್ತನ್ನು ಹರಿಸುತ್ತಿತ್ತು.

ತೊಡಕು ಕಾಣಿಸಿಕೊಂಡುದು ಇಲ್ಲಿಯೇ. ಬಿಲ್ಲೆಗಳು ಒಂದಕ್ಕೊಂದು ಚೆನ್ನಾಗಿ ಒತ್ತಿಕೊಂಡಿರಬೇಕು. ಸಡಿಲವಾದರೆ ವಿದ್ಯುತ್ತಿಗೆ ದಾರಿಯಿಲ್ಲ. ಅದಕ್ಕಾಗಿ ಸುತ್ತಲೂ ಸರಳುಗಳನ್ನು ನಿಲ್ಲಿಸಿ ಕಂಬವನ್ನು ನೆಟ್ಟಗೆ ಹಿಡಿದಿಡಬೇಕಾಯಿತು. ಆದರೆ ಕಂಬ ಎತ್ತರವಾದಷ್ಟೂ ಮೇಲಿನ ಲೋಹದ ಭಾರಕ್ಕೆ ಕೆಳಗಿನ ರಟ್ಟುಗಳು ಹಿಂಡಿಹೋಗಿ ಉಪ್ಪುನೀರು ಹೊರಕ್ಕೆ ಸೋರುತ್ತಿತ್ತು. ಸೋರಿದ ನೀರು ಬಿಲ್ಲೆಗಳ ಅಂಚಿನ ಮೇಲೆ ಇಳಿದು ವಿದ್ಯುತ್ತಿಗೆ ಅಡ್ಡದಾರಿ ಮಾಡಿಕೊಡುತ್ತಿತ್ತು; ಒಳಗಿನ ರಟ್ಟು ಒಣಗುತ್ತಿತ್ತು. ನಾವು ಬಹುಕಾಲ ಹೋಟೆಲು ನಡೆಸಿದವರು. ಬಿಸಿ ಹೋಳಿಗೆಗಳನ್ನು ಎತ್ತರಕ್ಕೆ ಪೇರಿಸಿದರೆ ಅಡಿಯ ಹೋಳಿಗೆ ಅಮುಕಿ, ತುಪ್ಪವೆಲ್ಲ ತಟ್ಟೆಗೆ ಇಳಿಯುವುದನ್ನು ಕಂಡಿದ್ದೇವೆ. ವೋಲ್ಟಾರವರ ಕಂಬದಲ್ಲಿಯೂ ಆದುದು ಅದೇ. ಅವರು ಒಂದೇ ಎತ್ತರದ ಕಂಬದ ಬದಲು ಹಲವು ಗಿಡ್ಡ ಕಂಬಗಳನ್ನು ಕಟ್ಟಿ ಲೋಹದ ಪಟ್ಟಿಯಿಂದ ಜೋಡಿಸಿದರು. ತೇವ ಆರದಂತೆ ಮೇಣದ ಹೊದಿಕೆ ಕೊಟ್ಟು ನೋಡಿದರು. ರಾಶಿಯನ್ನೇ ಬಿಟ್ಟು, ಉಪ್ಪುನೀರಿನ ಬಟ್ಟಲುಗಳನ್ನು ಸಾಲಾಗಿಟ್ಟು ಲೋಹದ ಪಟ್ಟಿಗಳಿಂದ ಒಂದಕ್ಕೊಂದು ಸೇರಿಸುವ ಇನ್ನೊಂದು ವಿಧಾನವನ್ನೂ ಹೇಳಿದರು.

1800ನೆಯ ಇಸವಿ ಮಾರ್ಚ್ 20ರಂದು ಅವರು ಈ ಎಲ್ಲ ವಿವರಗಳನ್ನು ಫ್ರೆಂಚ್ ಭಾಷೆಯಲ್ಲಿ ಬರೆದು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಬ್ಯಾಂಕ್ಸರಿಗೆ ಕಳುಹಿಸಿದರು. ಪತ್ರವನ್ನು ಸಭೆಯಲ್ಲಿ ಓದುವುದಕ್ಕೆ ಮುಂಚೆಯೇ ಕಾರ್ಲೈಲ್ ಮತ್ತು ನಿಕಲ್ಸನ್ ಎಂಬವರು 17 ಬೆಳ್ಳಿಯ ನಾಣ್ಯಗಳಿಂದ ಅಂಥ ಕಂಬವೊಂದನ್ನು ಕಟ್ಟಿ, ಅದರ ವಿದ್ಯುತ್ತಿನಿಂದ ನೀರನ್ನು ಎರಡು ಅನಿಲಗಳಾಗಿ ಒಡೆದರು. ಕೆಲಕಾಲದಲ್ಲಿ ವುಲಿಚ್ಚಿನ ಕ್ರುಕ್‌ಶ್ಯಾಂಕ್ ಎಂಬವರು ಕಂಬವನ್ನು ಮಲಗಿಸಿದರು: ಮರದ ಉದ್ದನೆಯ ಪೆಟ್ಟಿಗೆಯ ಗಾಡಿಗಳಲ್ಲಿ ತಗಡಿನ ಜೋಡಿಗಳನ್ನು ಕೂರಿಸಿ ನಡುವೆ ದ್ರವವನ್ನು ತುಂಬಿದರು. ಒಂದರ ಭಾರ ಇನ್ನೊಂದರ ಮೇಲೆ ಬೀಳುವುದು ತಪ್ಪಿತು. ಅಂಥ ದೊಡ್ಡ ಪೆಟ್ಟಿಗೆಗಳ ಬಲದಿಂದಲೇ 1807ರಲ್ಲಿ ಡೇವಿಯವರು ಪೊಟ್ಯಾಸಿಯಂ ಮತ್ತು ಸೋಡಿಯಂ ಲೋಹಗಳನ್ನು ಬೇರ್ಪಡಿಸಿದರು.

ಮಹಾತ್ಮರ ಚರಿತ್ರೆ ಬರೆಯುವಾಗ ಅವರ ತಪ್ಪನ್ನು ಮುಚ್ಚಿಡುವುದು ಉಚಿತವಲ್ಲ. ಲೋಹಗಳ ಸ್ಪರ್ಶವೇ ವಿದ್ಯುತ್ತಿನ ಮೂಲ, ಒದ್ದೆ ರಟ್ಟು ಬರಿಯ ದಾರಿ ಎಂದು ವೋಲ್ಟಾರವರು ಕೊನೆಯವರೆಗೂ ನಂಬಿದ್ದರು. ಸತ್ಯ ಬೇರೆಯಾಗಿತ್ತು. ಆ ತೇವದಲ್ಲಿ ಸತು ಕರಗುತ್ತ ನಡೆಯುವ ರಾಸಾಯನಿಕ ಕ್ರಿಯೆಯೇ ಕಂಬದ ಜೀವ; ಸತು ಮುಗಿದರೆ ವಿದ್ಯುತ್ತೂ ಮುಗಿಯಿತು. ರಟ್ಟು ಒಣಗಬಾರದೆಂದು ಅವರ ಕೈ ತಿಳಿದಿತ್ತು. ಏಕೆಂಬುದು ಅವರ ಬುದ್ಧಿಗೆ ಹೊಳೆಯಲಿಲ್ಲ. ಗಾಲ್ವಾನಿಯವರೂ ಪೂರ್ಣವಾಗಿ ಸೋತವರಲ್ಲ; ಪ್ರಾಣಿಗಳ ನರಗಳಲ್ಲಿ ವಿದ್ಯುತ್ತು ಇರುವುದು ಮುಂದೆ ಸಿದ್ಧವಾಯಿತು.

1801ರಲ್ಲಿ ಪ್ಯಾರಿಸಿನ ವಿದ್ವತ್ಸಭೆಯಲ್ಲಿ ನೆಪೋಲಿಯನ್ನನ ಎದುರಿಗೆ ವೋಲ್ಟಾರವರು ತಮ್ಮ ಪ್ರಯೋಗಗಳನ್ನು ಪ್ರದರ್ಶಿಸಿ ಸುವರ್ಣಪದಕ ಪಡೆದರು. 1810ರಲ್ಲಿ ಕೌಂಟ್ ಪದವಿ ಬಂದಿತು. ನೆಪೋಲಿಯನ್ನನ ಪತನಾನಂತರ ಆಸ್ಟ್ರಿಯದ ಚಕ್ರವರ್ತಿಯೂ ಅವರನ್ನು ಗೌರವಿಸಿದನು. ಅರಸರು ಬದಲಾದರೂ ವಿದ್ಯೆಯ ಮರ್ಯಾದೆ ಬದಲಾಗಲಿಲ್ಲ. 1819ರಲ್ಲಿ ಅವರು ಎಲ್ಲ ಕೆಲಸದಿಂದಲೂ ನಿವೃತ್ತರಾಗಿ ತಮ್ಮ ಊರಿಗೆ ಹಿಂದಿರುಗಿ, 1827ರ ಮಾರ್ಚ್ 5ರಂದು ಸ್ವರ್ಗಸ್ಥರಾದರು. 1881ರಲ್ಲಿ ಪ್ಯಾರಿಸಿನಲ್ಲಿ ಸೇರಿದ ವಿದ್ಯುತ್ ತಜ್ಞರ ಸಮ್ಮೇಳನವು ವಿದ್ಯುದ್ಬಲದ ಮಾನಕ್ಕೆ ವೋಲ್ಟ್ ಎಂಬ ಹೆಸರನ್ನು ಅಂಗೀಕರಿಸಿತು. 1899ರಲ್ಲಿ ಕಂಬದ ಶತಮಾನೋತ್ಸವಕ್ಕೆಂದು ಕೋಮೋದಲ್ಲಿ ಏರ್ಪಡಿಸಿದ್ದ ಪ್ರದರ್ಶನಕ್ಕೆ ಬೆಂಕಿ ಬಿದ್ದು ಅವರ ಕೈಯ ಉಪಕರಣಗಳಲ್ಲಿ ಅನೇಕವು ಭಸ್ಮವಾದುದು ದೈವದ ವಿಡಂಬನೆ.

ಉಪಕರಣ ಸುಟ್ಟಿತು, ಸಮಸ್ಯೆ ಉಳಿಯಿತು. ಇಂದಿನ ಲಿಥಿಯಂ ಬ್ಯಾಟರಿಗಳಲ್ಲಿ ಅನೇಕವು ವೋಲ್ಟಾರವರ ರಾಶಿಯ ವಂಶದವೇ: ತೆಳುವಾದ ಹಾಳೆಗಳು ಪದರಪದರವಾಗಿ ಪೇರಿಸಿವೆ, ನಡುವೆ ದ್ರವದಲ್ಲಿ ನೆನೆದ ರಂಧ್ರಮಯ ಪೊರೆ. ತುಂಬುವಾಗ ಒಳಗಿನ ಗ್ರಾಫೈಟು ಶೇಕಡಾ ಹತ್ತರಷ್ಟು ಉಬ್ಬುತ್ತದೆ, ಬರಿದಾಗುವಾಗ ಕುಗ್ಗುತ್ತದೆ. ಹಿಡಿತ ಸಡಿಲವಾದರೆ ಪದರಗಳ ನಡುವೆ ಎಡೆ ಬಿದ್ದು ಅನಿಲ ಸೇರುತ್ತದೆ. ಹಿಡಿತ ಬಿಗಿಯಾದರೆ ಪೊರೆಯ ರಂಧ್ರ ಮುಚ್ಚಿ ದ್ರವದ ಸಂಚಾರ ನಿಲ್ಲುತ್ತದೆ. ಆದುದರಿಂದ ವಿದ್ಯುತ್ ಮೋಟಾರು ಗಾಡಿಗಳ ಬ್ಯಾಟರಿಗಳಲ್ಲಿ ಕೋಶಗಳ ನಡುವೆ ಮೆತ್ತನೆಯ ಹಲಗೆಗಳನ್ನಿಟ್ಟು ಎರಡು ಕಡೆಯಿಂದಲೂ ಹದವಾಗಿ ಅದುಮಿ ಕಟ್ಟುತ್ತಾರೆ.

ಹದವಾಗಿ ಅದುಮಬೇಕು, ಹಿಂಡಬಾರದು. ಕೋಮೋದ ಆ ಮನೆಯಲ್ಲಿ ಸೋರುತ್ತಿದ್ದ ಉಪ್ಪುನೀರು ಕಲಿಸಿದ ಈ ಪಾಠವನ್ನು ಇಂದಿನ ಬ್ಯಾಟರಿಯೂ ಪಾಲಿಸಬೇಕಾಗಿದೆ. ಉದ್ಯೋಗವಿಲ್ಲದ ಕಾಲದಲ್ಲಿ ಎದೆಗುಂದದೆ ಬಿಲ್ಲೆಯ ಮೇಲೆ ಬಿಲ್ಲೆಯಿಟ್ಟ ಆ ಹಿರಿಯರನ್ನು, ಮುಂದಿನ ಸಾರಿ ಫೋನನ್ನು ಕೈಗೆತ್ತಿಕೊಂಡಾಗ ನಮ್ಮ ವಾಚಕರು ಒಮ್ಮೆ ನೆನೆದರೆ ಈ ಬರಹ ಸಾರ್ಥಕವೆಂದು ಭಾವಿಸುತ್ತೇವೆ.